ರೋಗಿಯ ಪಕ್ಕ ಕೂತವರಿಗೆ ನನ್ನ ಥ್ಯಾಂಕ್ಸ್

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ವಂದನೆ. ಈ ಕೆಲಸ ಯಾರ್ಯಾರಿಂದ ಆಯ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ಅಧ್ಯಯನ ಲಕ್ವ ಹೊಡೆದವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಬಗ್ಗೆ. ನಾನು ಹೋದ ಮಂಡ್ಯ ಕಡೆಯ ಮನೆಗಳಲ್ಲಿ ಅವರು ಹೆಚ್ಚಾಗಿ ಹೆಂಡತಿ, ಇಲ್ಲವೇ ಸೊಸೆ. ವಾರ್ಡಿನಲ್ಲಿ ಅವರನ್ನು ನಾವು ನರ್ಸ್‌ಗಳು 'ಪೇಷೆಂಟ್ ಕಡೆಯವರು' ಅಂತಲೇ ಕರೆಯುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ ಎಂದು ಡಿಸ್ಚಾರ್ಜ್ ದಿನ ಹೇಳಿ ಕಳಿಸುತ್ತೇವೆ. ರಾತ್ರಿಯೆಲ್ಲ ಹಾಗೆ ಎದ್ದವರು ಬೆಳಗ್ಗೆ ಗದ್ದೆಗೂ ಹೋಗಬೇಕು, ಅಲ್ವಾ?

ಅವರ ಹೊರೆ ಅಳೆಯಲು ಜಾರಿಟ್ ಎಂಬ ಪ್ರಶ್ನಾವಳಿ ಬಳಸಿದೆ. 22 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 88. ಅಂಕ ಜಾಸ್ತಿಯಾದಷ್ಟೂ ಹೊರೆ ಜಾಸ್ತಿ. ಮಂಚದ ಪಕ್ಕ ಕೂತು ಕೇಳಿದರೆ 'ಏನೂ ಕಷ್ಟ ಇಲ್ಲ ಸಿಸ್ಟರ್' ಅನ್ನೋರೇ ಹೆಚ್ಚು. ಮಲಗಿದವರ ಕಿವಿಗೆ ಬಿದ್ದರೆ ನೊಂದುಕೊಳ್ಳುತ್ತಾರಲ್ಲ. ಮದ್ದೂರು ಕಡೆಯ ಒಬ್ಬ ಅಕ್ಕ ಮಾತ್ರ 'ಹಿತ್ತಲಿಗೆ ಬನ್ನಿ' ಅಂತ ಕರೆದುಕೊಂಡು ಹೋದರು. ಪಾತ್ರೆ ಬೆಳಗುತ್ತಾ ಒಂದೊಂದಕ್ಕೂ ಉತ್ತರ ಕೊಟ್ಟರು. ಆರೋಗ್ಯದ ಪ್ರಶ್ನೆ ಬಂದಾಗ 'ನನ್ನ ಬಿಪಿ ಮಾತ್ರೆ ಮುಗಿದೋಗಿ ಎಷ್ಟು ದಿನ ಆಯ್ತೋ, ನೆನಪೇ ಇಲ್ಲ ಕಣಮ್ಮ' ಅಂದರು. ಆಮೇಲೆ ಎಲ್ಲ ಮನೆಯಲ್ಲೂ ನೋಡಿಕೊಳ್ಳುವವರನ್ನು ಬೇರೆ ಕೂರಿಸಿಕೊಂಡೇ ಮಾತಾಡಿದೆ. ನನ್ನ ಪ್ರಬಂಧದಲ್ಲಿ ನಿಜ ಅಂತ ಏನಿದೆಯೋ ಅದು ಆ ಅಕ್ಕ ತೋರಿಸಿದ ದಾರಿಯಿಂದ ಬಂದಿದ್ದು.

ಪಾಂಡವಪುರ, ಮಳವಳ್ಳಿ ಕಡೆ ಮನೆ ತೋರಿಸಿದ ಆಶಾ ಕಾರ್ಯಕರ್ತೆಯರಿಗೆ ಋಣಿ. ನೀವು ಜೊತೆಗಿಲ್ಲದಿದ್ದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ.

ಇನ್ನು ಮೈಸೂರಿನ ನನ್ನ ವಾರ್ಡಿನ ಸಿಸ್ಟರ್‌ಗಳು. ನನಗಾಗಿ ನೈಟ್ ಡ್ಯೂಟಿ ಬದಲಿಸಿಕೊಂಡಿದ್ದಲ್ಲದೆ, ನಿಮ್ಮ ದಣಿವಿನ ಬಗ್ಗೆ ನಾನು ಕೊಟ್ಟ ಹಾಳೆಗಳನ್ನೂ ತುಂಬಿಕೊಟ್ಟಿರಿ. ಅದು ಬೇಕೇಬೇಕಿತ್ತು. ಒಬ್ಬರ ಕೈಗೆ ಮಿತಿಮೀರಿ ರೋಗಿಗಳನ್ನು ಕೊಟ್ಟರೆ, ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವುದನ್ನು ಮನೆಯವರಿಗೆ ನಿಧಾನವಾಗಿ ಕಲಿಸಲು ಪುರುಸೊತ್ತೆಲ್ಲಿ? ಮನೆಯವರು ಗೊತ್ತಿಲ್ಲದೆ ಅಂಗಾತ ಮಲಗಿಸಿಯೇ ಹಾಕುತ್ತಾರೆ. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ರೋಗಿ ಮತ್ತೆ ನಮ್ಮ ವಾರ್ಡಿಗೇ ಬರುತ್ತಾರೆ. ರೋಗಿ, ಮನೆಯವರು, ನರ್ಸ್, ಈ ಮೂವರ ಕ್ಷೇಮವನ್ನು ಬೇರೆ ಬೇರೆ ಮಾಡಿ ನೋಡಬಾರದು ಅಂತ ನಾನು ಹಟ ಹಿಡಿದಿದ್ದು ಇದಕ್ಕೇ. ಆ ಹಟಕ್ಕೆ ಬೆನ್ನಿಗೆ ನಿಂತ ಗೈಡ್ ಮೇಡಂಗೆ ನಮಸ್ಕಾರ.

ಅಮ್ಮ, ಯಜಮಾನರು, ಮಗಳು ಎಲ್ಲವನ್ನೂ ಸಹಿಸಿಕೊಂಡರು. ಅವರಿಗೆ ಮನೆಯಲ್ಲೇ ಹೇಳಿದ್ದೇನೆ.

ಅಧ್ಯಯನದ ಸಾರವನ್ನು ದೊಡ್ಡ ಅಕ್ಷರದಲ್ಲಿ, ಎರಡೇ ಪುಟದಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮನೆಯವರು ಸರದಿ ಮೇಲೆ ನಿದ್ದೆ ಮಾಡೋದು ಹೇಗೆ, ಗಂಜಿ ಹಾಕುವಾಗ ತಲೆದಿಂಬು ಎಷ್ಟು ಎತ್ತರಿಸಬೇಕು, ಎಲ್ಲ ಅದರಲ್ಲಿದೆ. ಉತ್ತರ ಕೊಟ್ಟ ಪ್ರತಿ ಮನೆಗೂ ಬರುವ ತಿಂಗಳು ನಾನೇ ತಂದುಕೊಡುತ್ತೇನೆ. ಬಿಪಿ ನೋಡುವ ಮಿಷನ್ನೂ ತರುತ್ತೇನೆ. ಈ ಸಲ ಮೊದಲು ನಿಮ್ಮದು ನೋಡೋಣ.