ಆಪರೇಷನ್ನೂ ಅವಳಿಗೇ, ಸಂಬಳ ಕಟ್ಟೂ ಅವಳಿಗೇ

ಮಾನ್ಯ ಸಂಪಾದಕರೇ,

ಜುಲೈ 11ರ ಜನಸಂಖ್ಯಾ ದಿನ ಬಂದರೆ ಸಾಕು, ‘ಬಡವರು ಮಕ್ಕಳನ್ನು ಜಾಸ್ತಿ ಹೆರುತ್ತಾರೆ, ಅದಕ್ಕೇ ಉದ್ಧಾರ ಆಗಲ್ಲ’ ಎನ್ನುವ ಮಾತು ಶುರುವಾಗುತ್ತದೆ. ನಾನು ಲಗ್ಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಬರುವವರಲ್ಲಿ ಅರ್ಧಕ್ಕರ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಮೂರು ಮಕ್ಕಳಿರುವವರನ್ನು ಹುಡುಕಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಲೆಕ್ಕ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಮಕ್ಕಳೇನೋ ಕಡಿಮೆಯಾದವು. ಹೆತ್ತವಳ ಕೈಯಲ್ಲಿ ಕಾಸು ನಿಂತಿತೇ?

ಹುಡುಕಿದರೆ ಸಿಗುವ ಆ ಮೂರನೇ ಮಗುವಿನ ಮನೆ ನಮ್ಮ ಬೀದಿಯಲ್ಲೇ ಇದೆ. ಮೊದಲೆರಡು ಹೆಣ್ಣು. ‘ಒಂದು ಗಂಡಾಗಲಿ’ ಎಂದು ಅತ್ತೆ ಹಟ ಹಿಡಿದರು, ಆಯಿತು. ಆಮೇಲೆ ಆಪರೇಷನ್. ಆಟೋ ಓಡಿಸುವ ಗಂಡ ಗಟ್ಟಿಮುಟ್ಟಾಗಿದ್ದಾನೆ. ಆದರೂ ‘ನನಗೆ ಶಕ್ತಿ ಹೋಗುತ್ತೆ’ ಅಂದ. ಮಾಡಿಸಿಕೊಂಡವಳು ಇವಳೇ. ಭಾರ ಎತ್ತಬೇಡಿ ಎಂದು ಡಾಕ್ಟರ್ ಹೇಳಿದ್ದರು. ಹನ್ನೆರಡನೇ ದಿನ ನಲ್ಲಿ ಹತ್ತಿರ ಕೊಡ ಎತ್ತುತ್ತಿದ್ದಳು. ರಜೆಗೆ ಸಂಬಳ ಕಟ್, ಹಾಜರಿ ಬೋನಸ್ಸೂ ಹೋಯಿತು.

ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ ಎನ್ನುತ್ತದೆ ಅದೇ ಸಮೀಕ್ಷೆ. ಗಂಡಂದಿರು ನೂರಕ್ಕೆ ಒಬ್ಬನೂ ಇಲ್ಲ. ಗಂಡಸರದ್ದು ಹೊಲಿಗೆಯೇ ಬೇಡದ ಆಪರೇಷನ್ (ಟೈಲರ್ ಹೇಳುತ್ತಿದ್ದೇನೆ, ನಂಬಿ), ಅದೇ ದಿನ ಮನೆಗೆ ಬರಬಹುದು. 1930ರಲ್ಲೇ ಸರ್ಕಾರಿ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನ ನಮ್ಮದು. ಇಷ್ಟು ವರ್ಷವಾದರೂ ಅದರ ಬಾಗಿಲು ಹೆಂಗಸರಿಗೇ ಅನ್ನುವ ಹಾಗಿದೆ.

ಈಗ ಆ ಗಂಡುಕೂಸನ್ನು ನೋಡಿಕೊಳ್ಳುತ್ತಿರುವವಳು ಹದಿಮೂರು ವರ್ಷದ ದೊಡ್ಡ ಮಗಳು. ಏಳನೇ ಕ್ಲಾಸಿಗೇ ಶಾಲೆ ನಿಂತಿದೆ. ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ಅಂಗಡಿಗೆ ಬರುತ್ತಾಳೆ. ಕಟಿಂಗ್‌ಗೆಂದು ಇಟ್ಟ ಹಳೇ ಪೇಪರನ್ನು, ನಿಮ್ಮದೇ ಪೇಪರು, ನಿಂತುಕೊಂಡೇ ಓದುತ್ತಾಳೆ. ನಾನೂ ಸುಮ್ನೆ ಇನ್ನೊಂದು ಹಾಳೆ ಮುಂದಿಡುತ್ತೇನೆ. ನಾಳೆ ಅವಳೂ ಅಮ್ಮನ ಹಿಂದೆಯೇ ಗಾರ್ಮೆಂಟ್ಸ್‌ಗೆ ಹೋಗಬೇಕು, ಬೇಗ ಮದುವೆಯೂ ಆಗಬೇಕು, ಅಲ್ವಾ?

ಅಮ್ಮ ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ಯನ್ನು ಸರ್ಕಾರ ಹಳ್ಳಿಗಳಿಗೆ ಕೊಟ್ಟಿತು. ಪೀಣ್ಯ, ಲಗ್ಗೆರೆಯಂಥ ಕಡೆ ಬೀದಿ ಬೀದಿಗೂ ಅಂಥದ್ದು ಬೇಕು, ಗಾರ್ಮೆಂಟ್ಸ್ ಬಿಡುವವರೆಗೂ ತೆರೆದಿರುವಂಥದ್ದು. ಈಗ ಬಂದರೂ ಸೇರಿಸಿಕೊಳ್ಳುತ್ತೇನೆ ಎಂದು ಆ ಹುಡುಗಿಯ ಮೇಷ್ಟ್ರು ಹೇಳಿದ್ದಾರೆ. ತಮ್ಮನನ್ನು ಎಲ್ಲಿ ಬಿಡುವುದು ಎನ್ನುವುದೊಂದೇ ಬಾಕಿ.

ಇಂತಿ,
ನಿಮ್ಮ ಓದುಗಳು
ಲಗ್ಗೆರೆ, ಬೆಂಗಳೂರು