ಭಾನುವಾರದ ಊಟ ಎಲ್ಲಿ?

ಆಗಸ್ಟ್ 15ರ ರಜೆಗೆ ಪುಣೆಯಿಂದ ಅತ್ತೆ, ಮಾವ ಬರುತ್ತಿದ್ದಾರೆ. ಭಾನುವಾರ ಮಧ್ಯಾಹ್ನ ಎಲ್ಲರೂ ಹೊರಗೆ ಊಟ. ಎಂಟಿಆರ್‌ಗೇ ಹೋಗೋಣ ಅಂತ ಕೆಲವರು ಹೇಳಿದ್ದೀರಿ. 1924ರಿಂದ ಇರುವ ಹೋಟೆಲ್, ನನಗೂ ಇಷ್ಟವೇ. ಆದರೆ ಆ ವಾರ ಪಕ್ಕದ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಒಳಗೆ ಹೆಸರು ಬರೆಸಿ ಕಾಯಬೇಕು. ಮಾವನಿಗೆ ಮಂಡಿ ನೋವು ಬೇರೆ. ವಿದ್ಯಾರ್ಥಿ ಭವನ ದೋಸೆಗೆ ಸರಿ, ಊಟಕ್ಕಲ್ಲ ಅಲ್ವಾ?

ನನ್ನ ಮತ ಮಲ್ಲೇಶ್ವರದ ‘ಹಳ್ಳಿ ಮನೆ’ ಹೋಟೆಲ್‌ಗೆ. ಅತ್ತೆಗೆ ರಾಗಿ ರೊಟ್ಟಿ ಸಿಕ್ಕರೆ ಸಾಕು, ಬೇರೇನೂ ಕೇಳುವುದಿಲ್ಲ. ಹನ್ನೆರಡಕ್ಕೇ ಹೋಗೋಣ, ಒಂದು ಗಂಟೆಯಾದರೆ ಜನ ಜಾಸ್ತಿ. ಹುಡುಗರು ಮೆಟ್ರೋದಲ್ಲಿ ಸಂಪಿಗೆ ರಸ್ತೆಗೆ ಇಳಿದು ಬನ್ನಿ, ಕಾರು ಹಿರಿಯರಿಗೆ. ಯಾರ್ಯಾರು ಬರುತ್ತೀರಿ ಅಂತ ಗುರುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಬೇಡಿ, ಎಷ್ಟು ಜನ ಅಂತ ಬರೆಯಿರಿ.