ಪಟ್ಟೆ ಕತ್ತಾಳೆ ಇನ್ನು ಮುಂದೆ ಕುಂಡವಿಲ್ಲದೆ ಬರುತ್ತದೆ

ಗ್ರಾಹಕರಿಗೆ ನಮಸ್ಕಾರ.

ಹಳದಿ, ಬಿಳಿ ಪಟ್ಟೆಯ ಕತ್ತಾಳೆಗಳನ್ನು, ಅಂದರೆ ವೇರಿಗೇಟೆಡ್ ಅಗೇವ್ ಗಿಡಗಳನ್ನು, ಕುಂಡ ಮಣ್ಣು ಸಮೇತ ಕಳಿಸುವುದನ್ನು ನಿಲ್ಲಿಸಿದ್ದೇವೆ. ಇನ್ನು ಬೇರು ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಕಳಿಸುತ್ತೇವೆ. ಪೆಟ್ಟಿಗೆ ಬಿಚ್ಚಿದಾಗ ಬರೀ ಗಿಡ ಕಂಡು ಗಾಬರಿಯಾಗಬೇಡಿ.

ಇದಕ್ಕೆ ಕಾರಣ ಕುಂಡಕ್ಕೆ ತುಂಬುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಕುಂಡದ ಅಂಚಿನಲ್ಲಿ ಅದು ಒಣಗಿ ಬಿರುಕು ಬಿಟ್ಟಿದ್ದರೂ ಗಿಡದ ಬುಡದಲ್ಲಿ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ ಹಾಗೇ ಇದ್ದರೆ ಬುಡ ಕೊಳೆಯತೊಡಗುತ್ತದೆ. ಆಗಲೂ ಮೇಲಿನ ಎಲೆಗಳು ಚೆನ್ನಾಗಿಯೇ ಕಾಣುತ್ತವೆ, ತೊಂದರೆಯೇ ಅದು. ಬೇರಿಗೆ ಅಂಟಿದ ಹಿಟ್ಟುತಿಗಣೆಯೂ (ರಸ ಹೀರುವ ಬಿಳಿ ಕೀಟ) ತೊಳೆದಾಗಲಷ್ಟೇ ಕಣ್ಣಿಗೆ ಬೀಳುವುದು. ಕತ್ತಾಳೆ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ. ಒಂದೆರಡು ವಾರ ಮಣ್ಣಿಲ್ಲದಿದ್ದರೂ ಸಾಯುವುದಿಲ್ಲ.

ಗಿಡ ಬಂದ ಕೂಡಲೇ ನೆಡಬೇಡಿ. ದಪ್ಪ ಕೈಗವಸು ಹಾಕಿಕೊಂಡು (ಮುಳ್ಳಿಗಷ್ಟೇ ಅಲ್ಲ, ರಸ ತಾಕಿದರೂ ಚರ್ಮ ಉರಿಯುತ್ತದೆ) ಮುರಿದ ಬೇರುಗಳನ್ನು ಕತ್ತರಿಸಿ, ಗಾಯ ಆರಲು ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಬಿಡಿ. ಕುಂಡಕ್ಕೆ ತುಂಬಲು, ಮೂರು ಪಾಲು 3ರಿಂದ 6 ಮಿ.ಮೀ. ಗಾತ್ರದ ಪ್ಯೂಮಿಸ್ ಅಥವಾ ಪರ್ಲೈಟ್‌ಗೆ (ಎರಡೂ ಸಣ್ಣ ರಂಧ್ರಗಳಿರುವ ಹಗುರ ಕಲ್ಲಿನ ಹರಳು) ಒಂದು ಪಾಲು ಕಾಂಪೋಸ್ಟ್ ಬೆರೆಸಿದರೆ ಸಾಕು. ಕುಂಡದ ತಳದಲ್ಲಿ ಜಲ್ಲಿ ಹಾಸುವ ರೂಢಿ ಬಿಟ್ಟುಬಿಡಿ, ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಕೆಳಗಿನ ಎಲೆಯ ಬುಡ ಮಣ್ಣಿಗೆ ತಾಗದಂತೆ ನೆಟ್ಟು, ಏಳು ದಿನ ಕಳೆದ ಮೇಲೆ ತಳದಿಂದ ನೀರು ಸೋರುವವರೆಗೆ ಹಾಕಿ. ಆಮೇಲೆ ಮರದ ಕಡ್ಡಿಯನ್ನು ತಳದವರೆಗೆ ಚುಚ್ಚಿ ನೋಡಿ. ಒಣಗಿ ಬಂದರೆ ಮಾತ್ರ ಮತ್ತೆ ನೀರು. ಸುಳಿಯೊಳಗೆ ಸುರಿಯಬೇಡಿ.

ಬಿಸಿಲಿನ ವಿಷಯದಲ್ಲಿ ಅವಸರ ಬೇಡ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ, ಮೊದಲು ಸುಡುವುದು ಅದೇ, ಸುಟ್ಟ ಕಲೆ ಮತ್ತೆ ಹೋಗುವುದೂ ಇಲ್ಲ. ಮೊದಲ ಎರಡು ವಾರ ಬೆಳಗಿನ ಎರಡು ಗಂಟೆ ಎಳೆ ಬಿಸಿಲು, ಆಮೇಲೆ ವಾರಕ್ಕೊಂದು ಗಂಟೆಯಂತೆ ಹೆಚ್ಚಿಸಿ. ಹಾಗೆಂದು ಮನೆಯ ಮೂಲೆಯಲ್ಲಿಟ್ಟರೆ ಎಲೆಗಳು ಉದ್ದವಾಗಿ ಬಾಗಿ ಗಿಡದ ಅಂದವೇ ಕೆಡುತ್ತದೆ.

ಅಚ್ಚ ಹಸಿರು ಮರಿಗಳಿದ್ದರೆ ನಾವೇ ಅವನ್ನು ತೆಗೆದುಹಾಕಿ ಗಿಡ ಕಳಿಸುತ್ತೇವೆ. ಬಿಟ್ಟರೆ ಅವು ಬೇಗ ಬೆಳೆದು ಪಟ್ಟೆಯ ತಾಯಿಗಿಡವನ್ನೇ ಮುಚ್ಚಿಬಿಡುತ್ತವೆ. ಮುಂದೆ ನಿಮ್ಮ ಕುಂಡದಲ್ಲಿ ಅಂಥವು ಹುಟ್ಟಿದರೆ ನೀವೂ ಕಿತ್ತುಹಾಕಿ. ಪೂರ್ತಿ ಬಿಳಿ ಮರಿ ಕಂಡರೆ ಬೇರ್ಪಡಿಸುವ ಆಸೆ ಬೇಡ. ತಾಯಿಯಿಂದ ಬಿಡಿಸಿದರೆ ಅದು ಉಳಿಯುವುದಿಲ್ಲ.

ಬೇರು ಹಿಡಿಯುವವರೆಗೆ ಕೆಳಗಿನ ಎರಡು ಮೂರು ಎಲೆ ಸುಕ್ಕುಗಟ್ಟಿ ಒಣಗುವುದು ಸಹಜ. ನೋಡಬೇಕಾದದ್ದು ಸುಳಿಯನ್ನು. ಬೆರಳಲ್ಲಿ ಒತ್ತಿದರೆ ಗಟ್ಟಿಯಿರಬೇಕು. ಮೆತ್ತಗಿದ್ದರೆ, ಎಳೆದಾಗ ಕಿತ್ತು ಬಂದರೆ ಅಥವಾ ಹುಳಿ ವಾಸನೆ ಬಂದರೆ ನೆಡಬೇಡಿ; ಬುಡದ್ದೂ ಸುಳಿಯದ್ದೂ ಫೋಟೊ ತೆಗೆದು, ಗಿಡ ತಲುಪಿದ ಮೂರು ದಿನದೊಳಗೆ ಕಳಿಸಿ, ಬೇರೆ ಗಿಡ ಕೊಡುತ್ತೇವೆ. ಕುಂಡದಲ್ಲೇ ಬೇಕು ಎನ್ನುವವರು ನರ್ಸರಿಗೆ ಬಂದು ಒಯ್ಯಬಹುದು.